ತಾತನ ದೋಣಿಗೆ ಮೊಮ್ಮಗಳ ಸಹಿ

ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಗುಮಾಸ್ತನಾಗಿದ್ದವನು ನಾನು. ಓದಿದ್ದು ಬಿ.ಕಾಂ. ಡೆಬಿಟ್ಟು, ಕ್ರೆಡಿಟ್ಟು ಗೊತ್ತು. ಗರಗಸ ಹಿಡಿಯುವುದು ಗೊತ್ತಿರಲಿಲ್ಲ. ಮನೆಯಲ್ಲಿ ಫ್ಯೂಸ್ ಹೋದರೂ ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್ ಬರಬೇಕಿತ್ತು. ಅಂಥವನು ಎಪ್ಪತ್ತು ದಾಟಿದ ಮೇಲೆ, ರಿಮೋಟ್‌ನಿಂದ ಓಡುವ ಸ್ಪೀಡ್ ಬೋಟ್ ಮಾಡಲು ಕೂತಾಗ ಮನೆಯವರೆಲ್ಲ ನಕ್ಕಿದ್ದರಲ್ಲಿ ತಪ್ಪೇನಿಲ್ಲ.

ಶುರುವಾದದ್ದು ಹೋದ ವರ್ಷದ ಬೇಸಿಗೆ ರಜೆಯಲ್ಲಿ. ಏಳನೇ ತರಗತಿಯ ಮೊಮ್ಮಗಳು ಬೆಂಗಳೂರಿನಿಂದ ಬಂದಿದ್ದಳು. ಜಾತ್ರೆಯಲ್ಲಿ ಕೊಂಡ ಪ್ಲಾಸ್ಟಿಕ್ ದೋಣಿ ಎರಡೇ ದಿನಕ್ಕೆ ಕೆಟ್ಟಿತು. ಅದನ್ನು ಬಿಚ್ಚಿ ನೋಡುತ್ತಾ, "ತಾತ, ಇದನ್ನ ನಾವೇ ಮಾಡಕ್ಕಾಗಲ್ವಾ?" ಅಂದಳು.

"ಯಾಕಾಗಲ್ಲ? ದಸರಾ ರಜೆಗೆ ನೀನು ಬರೋ ಹೊತ್ತಿಗೆ ನಮ್ಮೂರ ಕೆರೆಯಲ್ಲಿ ಓಡಿಸೋಣ" ಅಂದುಬಿಟ್ಟೆ. ಕಣ್ಣಿನ ಪೊರೆಯ ಆಪರೇಷನ್ ಆಗಿ ಮೂರು ತಿಂಗಳಾಗಿತ್ತು. ಬಲಗೈ ಸಣ್ಣಗೆ ನಡುಗುತ್ತದೆ. ಮಗ, "ಸುಮ್ಮನೆ ರೆಡಿಮೇಡ್ ತಂದುಕೊಡ್ತೀನಿ ಬಿಡಿ ಅಪ್ಪ" ಅಂದ. ಆದರೆ ಮಗುವಿಗೆ ಕೊಟ್ಟ ಮಾತು ಬರೆದುಕೊಟ್ಟ ಚೆಕ್ಕಿದ್ದ ಹಾಗೆ. ಖಾತೆಯಲ್ಲಿ ಹಣ ಇಲ್ಲ ಅಂತ ವಾಪಸ್ ಕಳಿಸಲಾಗದು.

ಮೊದಲು ಓಡಿದ್ದೇ ದೋಣಿ

ಮಕ್ಕಳೇ, ಈಗ ಡ್ರೋನ್, ಕಾರು ಎಲ್ಲವೂ ರಿಮೋಟ್‌ನಲ್ಲಿ ಓಡುತ್ತವೆ. ಆದರೆ ರೇಡಿಯೋ ಅಲೆಗಳಿಂದ ನಡೆಸುವ ವಾಹನವನ್ನು ಜನರ ಮುಂದೆ ಮೊದಲು ತೋರಿಸಿದಾಗ ಅದು ಒಂದು ಪುಟ್ಟ ದೋಣಿಯಾಗಿತ್ತು. 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ವಿದ್ಯುತ್ ಪ್ರದರ್ಶನ ನಡೆಯಿತು. ಅಲ್ಲಿ ನಿಕೋಲಾ ಟೆಸ್ಲಾ ನೀರಿನ ತೊಟ್ಟಿಯೊಂದರಲ್ಲಿ ಬ್ಯಾಟರಿ ದೋಣಿಯನ್ನು ತಂತಿಯಿಲ್ಲದೆ ಓಡಿಸಿ, ತಿರುಗಿಸಿ ತೋರಿಸಿದರು. ಅದೇ ವರ್ಷ ನವೆಂಬರ್ 8ರಂದು ಅದಕ್ಕೆ ಪೇಟೆಂಟ್ ಸಿಕ್ಕಿತು.

ಇಂದಿನ ಕ್ರಮವೂ ಹೆಚ್ಚುಕಡಿಮೆ ಅದೇ. ಕೈಯಲ್ಲಿರುವ ಪೆಟ್ಟಿಗೆ ಟ್ರಾನ್ಸ್‌ಮಿಟರ್. ದೋಣಿಯೊಳಗಿನ ರಿಸೀವರ್ ಅದರ ಅಪ್ಪಣೆಯನ್ನು ಕೇಳಿಸಿಕೊಂಡು ಇಬ್ಬರಿಗೆ ಹೇಳುತ್ತದೆ. ಒಬ್ಬ ಸರ್ವೋ: ಚುಕ್ಕಾಣಿ ತಿರುಗಿಸುವ ಪುಟ್ಟ ಮೋಟಾರು. ಇನ್ನೊಬ್ಬ ಇ.ಎಸ್.ಸಿ.: ದೊಡ್ಡ ಮೋಟಾರಿಗೆ ಎಷ್ಟು ಕರೆಂಟು ಬಿಡಬೇಕೆಂದು ನೋಡಿಕೊಳ್ಳುವ ಕ್ಯಾಷಿಯರ್. ಸರ್ವೋಗೆ ಸೆಕೆಂಡಿಗೆ ಸುಮಾರು 50 ಸಲ ಒಂದು ಮಿಡಿತ ಬರುತ್ತದೆ. ಮಿಡಿತ 1.5 ಮಿಲಿಸೆಕೆಂಡ್ ಇದ್ದರೆ ಚುಕ್ಕಾಣಿ ನೇರ. 1ಕ್ಕೆ ಇಳಿದರೆ ಒಂದು ಕಡೆ, 2ಕ್ಕೆ ಏರಿದರೆ ಇನ್ನೊಂದು ಕಡೆ.

ಈ ಸಾಮಾನುಗಳನ್ನು ಮಗನ ಜೊತೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ತಂದೆ. ಹೊಸಬರಿಗೆ ಸಾಕಾಗುವ 540 ಅಳತೆಯ ಮೋಟಾರು, 7.2 ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ. ಲಿಥಿಯಂ ಪಾಲಿಮರ್ ಬ್ಯಾಟರಿ ಹಗುರ, ಬಲವೂ ಜಾಸ್ತಿ. ಆದರೆ ಚಾರ್ಜ್ ಮಾಡುವಾಗ ಎಡವಿದರೆ ಬೆಂಕಿ ಹತ್ತಬಹುದು. ಮಕ್ಕಳಿರುವ ಮನೆಗೆ ಮೊದಲ ದೋಣಿಯಲ್ಲಿ ಅದು ಬೇಡ ಎಂದುಕೊಂಡೆ.

ನೀರಿನ ಲೆಕ್ಕ

ದೋಣಿಯ ಉದ್ದ 60 ಸೆಂ.ಮೀ., ಅಗಲ 20 ಸೆಂ.ಮೀ. ಎಂದು ತೀರ್ಮಾನಿಸಿ, ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೂರ್ತಿ ಅಳತೆಯ ಚಿತ್ರ ಬರೆದೆವು. ಅದನ್ನು 3 ಮಿ.ಮೀ. ಪ್ಲೈವುಡ್ಡಿಗೆ ಅಂಟಿಸಿ ಗೆರೆಯ ಮೇಲೆ ಕೊಯ್ದದ್ದಾಯಿತು. ಗರಗಸ ನನ್ನ ಕೈಯಲ್ಲಿ, ಹಲಗೆ ಅಲುಗದಂತೆ ಹಿಡಿಯುವುದು ಅವಳ ಕೆಲಸ. ನಡುವೆ ಬೆನ್ನುಮೂಳೆಯಂಥ ಪಟ್ಟಿ, ಅದಕ್ಕೆ ಅಡ್ಡಡ್ಡವಾಗಿ ನಾಲ್ಕು ಪಕ್ಕೆಲುಬು, ಮೇಲೆ ಹಲಗೆಯ ಚರ್ಮ. ತಳ ಇಂಗ್ಲಿಷಿನ ವಿ ಅಕ್ಷರದ ಹಾಗೆ.

ಸಾಮಾನ್ಯ ಮರದ ಅಂಟು ನೀರಿನಲ್ಲಿ ನಿಲ್ಲುವುದಿಲ್ಲ. ಎರಡು ಟ್ಯೂಬಿನಿಂದ ಸಮಸಮ ಹಿಂಡಿ ಬೆರೆಸುವ ಎಪಾಕ್ಸಿ ಅಂಟೇ ಬೇಕು. ಅದು ಗಟ್ಟಿಯಾಗಲು ಇಡೀ ರಾತ್ರಿ ಬೇಕು; ಅಲ್ಲಿಯವರೆಗೆ ಹಲಗೆಗಳನ್ನು ಹಿಡಿದಿಟ್ಟದ್ದು ಅಜ್ಜಿಯ ಬಟ್ಟೆ ಕ್ಲಿಪ್ಪುಗಳು. ಮೂತಿಯಲ್ಲೂ ಹಿಂಭಾಗದಲ್ಲೂ ಥರ್ಮಕೋಲ್ ತುಂಡು ತುಂಬಿದೆವು.

ಇದು ತೇಲುತ್ತದೆಯೇ? ಇಲ್ಲಿ ನನ್ನ ಬಿ.ಕಾಂ. ಕೆಲಸಕ್ಕೆ ಬಂತು. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ತಳ್ಳುತ್ತದೆ ಎಂದವನು ಆರ್ಕಿಮಿಡೀಸ್. ಒಂದು ಸಿ.ಸಿ. ನೀರಿನ ತೂಕ ಒಂದು ಗ್ರಾಂ. ನಮ್ಮ ದೋಣಿ ಪೆಟ್ಟಿಗೆಯ ಆಕಾರದ್ದಾಗಿದ್ದು 3 ಸೆಂ.ಮೀ. ಮುಳುಗಿದರೆ 60 × 20 × 3 = 3,600 ಸಿ.ಸಿ. ನೀರು ಸರಿಯಬೇಕು. ತಳ ವಿ ಆಕಾರ, ಮೂತಿ ಚೂಪು. ಆದ್ದರಿಂದ ಸುಮಾರು ಅರ್ಧ, ಅಂದರೆ 1,800 ಎಂದು ಹಿಡಿದೆ. ಅಂಗಡಿಯ ತಕ್ಕಡಿಯಲ್ಲಿ ತೂಗಿದಾಗ ಮೋಟಾರು, ಬ್ಯಾಟರಿ ಸೇರಿ ದೋಣಿ 1,300 ಗ್ರಾಂ. ಹಾಗಾದರೆ 3 ಸೆಂ.ಮೀ.ಗಿಂತ ಕಡಿಮೆಯೇ ಮುಳುಗಬೇಕು. ಬಟ್ಟೆ ನೆನೆಸುವ ಟಬ್ಬಿನಲ್ಲಿ ಬಿಟ್ಟೆವು. ಲೆಕ್ಕ ಟ್ಯಾಲಿ ಆಯಿತು!

ನಾನು ಇನ್ನೊಂದು ಕೆಲಸ ಮಾಡಿದ್ದೆ. ಹಿಂದೆ ಮೋಟಾರಿನ ಭಾರ ಇದೆಯಲ್ಲ, ಅದಕ್ಕೆ ಸಮನಾಗಲಿ ಎಂದು ಬ್ಯಾಟರಿಯನ್ನು ಮೂತಿಯ ಹತ್ತಿರ ಕೂರಿಸಿದ್ದೆ. ಟಬ್ಬಿನಲ್ಲಿ ದೋಣಿ ಮೇಜಿನ ಹಾಗೆ ಮಟ್ಟವಾಗಿ ನಿಂತಿತು. ನಮ್ಮ ನೋಟ್ ಪುಸ್ತಕದಲ್ಲಿ ಮೊಮ್ಮಗಳು ಬ್ಯಾಟರಿಯನ್ನು ಹಿಂದಕ್ಕೆ ಬರೆದು, "ಸ್ಪೀಡ್ ಬೋಟ್ ಓಡುವಾಗ ಮೂಗು ಮೇಲೆತ್ತಿಕೊಂಡಿರತ್ತೆ ತಾತ, ನಾನು ನೋಡಿದೀನಿ" ಅಂದಿದ್ದಳು. "ನಿಂಗೊತ್ತಾಗಲ್ಲ ಸುಮ್ನಿರು" ಎಂದು ಅವಳ ಚಿತ್ರದ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದಿದ್ದೆ.

ಕೆರೆಯ ದಂಡೆಯಲ್ಲಿ

ದಸರಾ ರಜೆಯ ಮೊದಲ ಭಾನುವಾರ ಅರಸೀಕೆರೆ ಬಳಿಯ ನಮ್ಮೂರಿಗೆ ಹೋದೆವು. ಮಳೆ ಚೆನ್ನಾಗಿ ಆಗಿ ಕೆರೆ ತುಂಬಿತ್ತು. ಮನೆಮಂದಿಯ ಜೊತೆಗೆ ಊರಿನ ಅರ್ಧ ಮಕ್ಕಳು ದಂಡೆಯಲ್ಲಿ ಸೇರಿದ್ದರು. ದೋಣಿ ನೀರಿಗಿಳಿಯಿತು. ನಿಧಾನಕ್ಕೆ ಹೋದಾಗ ಚೆಂದವಾಗಿ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಉಬ್ಬಿನಲ್ಲಿ ಪೂರ್ತಿ ವೇಗ ಕೊಟ್ಟೆ. ಮೂತಿ ನೀರನ್ನು ನೇಗಿಲಿನ ಹಾಗೆ ಉತ್ತಿತು. ಅಲೆ ಮುಚ್ಚಳದ ಮೇಲೆ ಹತ್ತಿ ಒಳಗೆ ನುಗ್ಗಿತು. ದೋಣಿ ಒಮ್ಮೆ ನಡುಗಿ ನಿಂತೇಹೋಯಿತು.

ದಂಡೆಯಿಂದ ಮೂವತ್ತು ಹೆಜ್ಜೆ ದೂರ ಇರಬಹುದು. ಮೊಮ್ಮಗಳು ಚಪ್ಪಲಿ ಬಿಟ್ಟು ನೀರಿಗೆ ಕಾಲಿಟ್ಟೇಬಿಟ್ಟಳು. ನಾನು ಜನ್ಮದಲ್ಲಿ ಅಷ್ಟು ಜೋರಾಗಿ ಕೂಗಿರಲಿಲ್ಲ. ಆ ಕೆರೆಯಲ್ಲಿ ಬೇಸಿಗೆಯಲ್ಲಿ ಮಣ್ಣು ತೆಗೆದ ಗುಂಡಿಗಳಿವೆ. ಮೊಣಕಾಲುದ್ದದ ನೀರು ಮುಂದಿನ ಹೆಜ್ಜೆಗೆ ತಲೆ ಮುಳುಗುವಷ್ಟಾಗುತ್ತದೆ. ಅವಳ ಅಮ್ಮ ಓಡಿಹೋಗಿ ರಟ್ಟೆ ಹಿಡಿದು ಎಳೆದಳು. ಆ ಐದು ನಿಮಿಷ ನನಗೆ ದೋಣಿಯ ನೆನಪೇ ಇರಲಿಲ್ಲ. ಕೈ ಎಂದಿಗಿಂತ ಹೆಚ್ಚು ನಡುಗುತ್ತಿತ್ತು.

ದೋಣಿಯನ್ನು ತಂದುಕೊಟ್ಟದ್ದು ತೆಪ್ಪದಲ್ಲಿ ಬಲೆ ಬಿಡುತ್ತಿದ್ದ ಮೀನುಗಾರ. ಥರ್ಮಕೋಲಿನಿಂದಾಗಿ ಅದು ಮುಳುಗದೆ ಅಂಗಾತ ತೇಲುತ್ತಿತ್ತು. ಆತ ಕೈಯಲ್ಲಿ ಎತ್ತಿ ನೋಡಿ, "ಯಜಮಾನ್ರೇ, ಇದರ ಮೂಗು ಬಲೇ ಭಾರ. ತೆಪ್ಪದಾಗೂ ಅಷ್ಟೇಯ, ಒಂದೇ ಕಡೀಕೆ ಇಬ್ರು ಕುಂತ್ರೆ ನೀರು ಒಳೀಕೆ ಬತ್ತದೆ" ಅಂದ. ಮೊಮ್ಮಗಳು ನನ್ನ ಮುಖ ನೋಡಿದಳು. ಏನೂ ಹೇಳಲಿಲ್ಲ.

ತಪ್ಪಿಗೆ ಅಡ್ಡಗೆರೆ

ಆ ರಾತ್ರಿ ದೋಣಿಯನ್ನು ಅಟ್ಟಕ್ಕೆ ಹಾಕಿಬಿಡುವ ಮನಸ್ಸಾಗಿತ್ತು. ವಯಸ್ಸಿಗೆ ತಕ್ಕ ಕೆಲಸ ಮಾಡಬೇಕಿತ್ತು ಎನಿಸಿತು. ಅಷ್ಟರಲ್ಲಿ ಅವಳು ನೋಟ್ ಪುಸ್ತಕ ತಂದು ಆ ಪುಟ ತೆರೆದಿಟ್ಟಳು. ಕೆಂಪು ಅಡ್ಡಗೆರೆ ಹಾಗೇ ಇತ್ತು.

ಬ್ಯಾಂಕಿನಲ್ಲಿ ಲೆಡ್ಜರಿನ ತಪ್ಪನ್ನು ಅಳಿಸುವ ಹಾಗಿಲ್ಲ. ತಪ್ಪು ಅಂಕಿ ಕಾಣುವಂತೆ ಅದರ ಮೇಲೆ ಒಂದು ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು. ನಾನು ನನ್ನ ಚಿತ್ರದ ಮೇಲೆ ಗೆರೆ ಎಳೆದು, "ತಪ್ಪು ನನ್ನದು" ಎಂದು ಬರೆದು ಸಹಿ ಹಾಕಿದೆ. ಆಮೇಲೆ ಇಬ್ಬರೂ ಕೂತು ಓದಿದೆವು.

ನಿಧಾನವಾಗಿ ಹೋಗುವ ದೋಣಿ ನೀರನ್ನು ಸೀಳಿಕೊಂಡು ಹೋಗುತ್ತದೆ. ವೇಗ ಹೆಚ್ಚಿದಂತೆ ಅದು ಎಬ್ಬಿಸಿದ ಅಲೆಯೇ ಅದಕ್ಕೆ ಗುಡ್ಡವಾಗುತ್ತದೆ. ನಮ್ಮ ಎರಡಡಿ ದೋಣಿಗೆ ಆ ಗಡಿ ಗಂಟೆಗೆ ಸುಮಾರು ಮೂರೂವರೆ ಕಿಲೋಮೀಟರ್, ನಡಿಗೆಗಿಂತ ನಿಧಾನ. ಅದನ್ನು ದಾಟಬೇಕಾದರೆ ಮೂಗೆತ್ತಿ ಅಲೆಯ ಮೇಲೆ ಹತ್ತಿ, ನೀರಿನ ಮೇಲೆ ಜಾರಬೇಕು. ಅದಕ್ಕಾಗಿ ಭಾರದ ನಡುಬಿಂದು ಹಿಂಬದಿಯಿಂದ ಉದ್ದದ ಮೂರನೇ ಒಂದು ಭಾಗದ ಆಸುಪಾಸಿನಲ್ಲಿರಬೇಕು. ನಿಂತಾಗ ಬಾಲ ಸ್ವಲ್ಪ ಇಳಿದೇ ಇರಬೇಕು.

ಎರಡು ಬೆರಳಿನ ಮೇಲೆ ದೋಣಿ ತೂಗಿ ನೋಡಿದರೆ ನಮ್ಮ ನಡುಬಿಂದು ಹಿಂಬದಿಯಿಂದ 27 ಸೆಂ.ಮೀ.ಯಲ್ಲಿತ್ತು, ಬೇಕಾದದ್ದು 19. ಬ್ಯಾಟರಿಯ ತೂಕ 400 ಗ್ರಾಂ. ಅದನ್ನು 26 ಸೆಂ.ಮೀ. ಹಿಂದಕ್ಕೆ ಸರಿಸಿದರೆ 400 × 26 = 10,400. ದೋಣಿಯ ತೂಕ 1,300ರಿಂದ ಭಾಗಿಸಿದರೆ ಸರಿಯಾಗಿ 8. ಈ ಲೆಕ್ಕ ಮಾಡಿದ್ದು ಅವಳು, ನಾನಲ್ಲ.

ಒದ್ದೆಯಾದ ಭಾಗಗಳನ್ನು ಮೂರು ದಿನ ಫ್ಯಾನಿನ ಕೆಳಗೆ ಒಣಗಿಸಿದೆವು. ರಿಸೀವರನ್ನು ಬಲೂನಿನೊಳಗೆ ಹಾಕಿ ಬಾಯಿ ಕಟ್ಟಿದ್ದರಿಂದ ಅದಕ್ಕೆ ಏನೂ ಆಗಿರಲಿಲ್ಲ. ಮುಚ್ಚಳದ ಸುತ್ತ ಈ ಸಲ ಇನ್ಸುಲೇಷನ್ ಟೇಪ್ ಸುತ್ತಿದೆವು.

ರಜೆ ಮುಗಿಯಲು ಎರಡು ದಿನ ಇರುವಾಗ ಮತ್ತೆ ಕೆರೆಗೆ ಹೋದೆವು. ಈ ಸಲ ಮಕ್ಕಳೆಲ್ಲ ನೀರಿನಿಂದ ಹತ್ತು ಹೆಜ್ಜೆ ಹಿಂದೆ. ಮೀನುಗಾರನಿಗೂ ಮೊದಲೇ ಹೇಳಿಟ್ಟಿದ್ದೆವು. ರಿಮೋಟ್ ಅವಳ ಕೈಯಲ್ಲಿ. ವೇಗ ಕೊಟ್ಟಳು. ಮೂಗು ಎದ್ದಿತು, ಒಂದು ಕ್ಷಣ ತಡವರಿಸಿತು, ಆಮೇಲೆ ದೋಣಿ ನೀರಿನ ಮೇಲೆ ಜಾರತೊಡಗಿತು. ಸ್ವಲ್ಪ ಎಡಕ್ಕೆ ವಾಲುತ್ತಿತ್ತು. ಪ್ರೊಪೆಲರ್ ಬಲಕ್ಕೆ ಸುತ್ತಿದರೆ ಒಡಲು ಎಡಕ್ಕೆ ವಾಲುವುದು ಸಹಜ. ಬ್ಯಾಟರಿಯನ್ನು ಒಂದು ಬೆರಳಗಲ ಬಲಕ್ಕೆ ಸರಿಸಿದಾಗ ಅದೂ ಸರಿಹೋಯಿತು. ನಾಲ್ಕು ನಿಮಿಷಕ್ಕೊಮ್ಮೆ ನಿಲ್ಲಿಸಿ ಮೋಟಾರು ಆರಿಸುತ್ತಾ ಸಂಜೆಯವರೆಗೂ ಓಡಿಸಿದೆವು. ಊರಿನ ಮಕ್ಕಳಿಗೂ ಒಂದೊಂದು ಸರದಿ ಸಿಕ್ಕಿತು.

ಮನೆಗೆ ಬಂದು ನೋಟ್ ಪುಸ್ತಕದಲ್ಲಿ ನನ್ನ ಸಹಿಯ ಕೆಳಗೆ "ತಪಾಸಣೆ ಮಾಡಿದವರು" ಎಂದು ಬರೆದು ಪೆನ್ನು ಅವಳಿಗೆ ಕೊಟ್ಟೆ. ಈಗ ಎರಡನೇ ದೋಣಿಯ ಚಿತ್ರ ಶುರುವಾಗಿದೆ. ಯಾವ ಗೆರೆಯನ್ನೂ ಅವಳನ್ನು ಕೇಳದೆ ಎಳೆಯುತ್ತಿಲ್ಲ.

ನೀವೂ ಮಾಡುವುದಾದರೆ

* ನೀರಿಗೆ ಬಿಡುವ ಮುನ್ನ ದಂಡೆಯಲ್ಲೇ ದೋಣಿಯಿಂದ ದೂರ ನಡೆದು ರಿಮೋಟ್ ಪರೀಕ್ಷಿಸಿ. ಈಗಿನ 2.4 ಗಿಗಾಹರ್ಟ್ಸ್ ಅಲೆಗಳು ನೀರನ್ನು ದಾಟುವುದಿಲ್ಲ. ರಿಸೀವರಿನ ಆಂಟೆನಾ ಒಂದು ಸ್ಟ್ರಾ ಒಳಗೆ ಮೇಲಕ್ಕೆ ನಿಂತಿರಲಿ.

* ಮೊದಲು ಟ್ರಾನ್ಸ್‌ಮಿಟರ್ ಆನ್, ಆಮೇಲೆ ದೋಣಿ. ನಿಲ್ಲಿಸುವಾಗ ಮೊದಲು ದೋಣಿ ಆಫ್, ಆಮೇಲೆ ಟ್ರಾನ್ಸ್‌ಮಿಟರ್.

* ಪ್ರೊಪೆಲರ್ ದಂಡ ಹೋಗುವ ಕೊಳವೆಯಲ್ಲಿ ಗ್ರೀಸ್ ತುಂಬಿ. ಅದೇ ನೀರಿಗೆ ಬಾಗಿಲು ಹಾಕುವುದು. ತಿರುಗುವ ಪ್ರೊಪೆಲರಿಗೆ ಬೆರಳು ತಾಗದಿರಲಿ.

* ಪಾಲಿಯೆಸ್ಟರ್ ರೆಸಿನ್ ಬಳಸಿದರೆ ಥರ್ಮಕೋಲ್ ಕರಗಿಹೋಗುತ್ತದೆ. ಎಪಾಕ್ಸಿಯೇ ಸರಿ.

* ಜನ, ಹಕ್ಕಿಗಳು ಇಲ್ಲದ ಕಡೆ, ಊರಿನವರ ಒಪ್ಪಿಗೆ ಪಡೆದು ಓಡಿಸಿ.

* ದೋಣಿ ನಿಂತುಹೋದರೆ ಯಾರೂ ನೀರಿಗಿಳಿಯಬೇಡಿ. ಉದ್ದನೆ ದಾರಕ್ಕೆ ಟೆನಿಸ್ ಚೆಂಡು ಕಟ್ಟಿ ದೋಣಿಯ ಆಚೆಗೆ ಎಸೆದು ಮೆಲ್ಲಗೆ ಎಳೆಯಿರಿ. ಆಗದಿದ್ದರೆ ಗಾಳಿ ಅದನ್ನು ದಂಡೆಗೆ ತರುವವರೆಗೆ ಕಾಯಿರಿ. ದೋಣಿಯನ್ನು ಇನ್ನೊಂದು ಮಾಡಬಹುದು.