ಬೀಗದ ಜೊತೆಗೊಂದು ಅಲಾರಂ

ಬೇಸಿಗೆ ರಜೆಯಲ್ಲಿ ಮನೆಗೆ ಬೀಗ ಹಾಕಿ ಊರಿಗೆ ಹೊರಡುವ ನಮ್ಮ ಮನಸ್ಸು, ರೈಲು ಹತ್ತಿದ ಮೇಲೂ ಬಾಗಿಲ ಬಳಿಯೇ ಸುಳಿಯುತ್ತಿರುತ್ತದೆ. ಈ ಆತಂಕವನ್ನು ತಕ್ಕಮಟ್ಟಿಗೆ ನೀಗುವ ತಂತಿರಹಿತ ಅಲಾರಂ ವ್ಯವಸ್ಥೆಯನ್ನು ನಾವೇ ಅಳವಡಿಸಿಕೊಳ್ಳಬಹುದು.

ಬಾಗಿಲಿನ ಸೆನ್ಸರ್‌ನಲ್ಲಿ ಎರಡು ತುಂಡುಗಳಿರುತ್ತವೆ. ಅಯಸ್ಕಾಂತವನ್ನು ಕದಕ್ಕೂ, ಸ್ವಿಚ್ ಇರುವ ಭಾಗವನ್ನು ಚೌಕಟ್ಟಿಗೂ ಅಂಟಿಸಬೇಕು. ಬಾಗಿಲು ಮುಚ್ಚಿದಾಗ ಇವೆರಡರ ಅಂತರ 1 ಸೆಂಟಿಮೀಟರಿನೊಳಗಿರಲಿ. ಕದ ತೆರೆದೊಡನೆ ಅಯಸ್ಕಾಂತ ದೂರ ಸರಿದು, ಮುಖ್ಯ ಘಟಕಕ್ಕೆ ಸೂಚನೆ ತಲುಪಿ, ಸೈರನ್ ಮೊಳಗುತ್ತದೆ. ಕಬ್ಬಿಣವು ಅಯಸ್ಕಾಂತದ ಪ್ರಭಾವವನ್ನು ಕುಂದಿಸಬಲ್ಲದಾದ್ದರಿಂದ ಹೊರಗಿನ ಜಾಲರಿ ಬಾಗಿಲಿಗಿಂತ ಒಳಗಿನ ಮರದ ಬಾಗಿಲೇ ಇದಕ್ಕೆ ಲೇಸು.

ಚಲನೆಯನ್ನು ಗುರುತಿಸುವ ಸೆನ್ಸರ್ ನಮ್ಮ ದೇಹದ ಶಾಖವನ್ನು ಅರಿಯುತ್ತದೆ. ಇದನ್ನು ಕೋಣೆಯ ಮೂಲೆಯಲ್ಲಿ ಸುಮಾರು 2 ಮೀಟರ್ ಎತ್ತರದಲ್ಲಿರಿಸಬೇಕು. ಬಿಸಿಲು ಬೀಳುವ ಕಿಟಕಿಗೆ ಎದುರಾಗಿದ್ದರೆ ಸುಳ್ಳು ಎಚ್ಚರಿಕೆಗಳು ಬರಬಹುದು.

ವಿದ್ಯುತ್ ಹೋದರೂ ಕೆಲಸ ಮಾಡುವಂತೆ ಮುಖ್ಯ ಘಟಕದಲ್ಲಿ ಬ್ಯಾಟರಿ ಇರುವುದನ್ನು ಖಚಿತಪಡಿಸಿಕೊಳ್ಳೋಣ. ಕಾರ್ಖಾನೆಯಿಂದಲೇ ಬಂದ ಗುಪ್ತಸಂಖ್ಯೆಯನ್ನು ಮೊದಲ ದಿನವೇ ಬದಲಾಯಿಸೋಣ. ತಿಂಗಳಿಗೊಮ್ಮೆ, ಹಾಗೂ ಪ್ರಯಾಣದ ಮುನ್ನಾದಿನ, ಪ್ರತಿಯೊಂದು ಬಾಗಿಲನ್ನೂ ತೆರೆದು ಪರೀಕ್ಷಿಸೋಣ.

ಸೈರನ್ ತಾನಾಗಿ ಕಳ್ಳನನ್ನು ಹಿಡಿಯಲಾರದು. ಅದು ಜನರನ್ನು ಕೂಗಿ ಕರೆಯುತ್ತದೆ, ಅಷ್ಟೆ. ಆದುದರಿಂದ ನಂಬಿಕೆಯ ನೆರೆಮನೆಯವರಿಗೂ ಕಟ್ಟಡದ ಕಾವಲುಗಾರನಿಗೂ ನಮ್ಮ ಪ್ರಯಾಣದ ದಿನಗಳನ್ನು ತಿಳಿಸಿರಬೇಕು. ಸದ್ದು ಕೇಳಿದಾಗ ಒಬ್ಬರೇ ಒಳನುಗ್ಗದೆ 112ಕ್ಕೆ ಕರೆ ಮಾಡುವಂತೆ ಅವರಲ್ಲಿ ವಿನಂತಿಸಿಕೊಂಡೇ ಹೊರಡೋಣ.