ಮುಚ್ಚಿದ ಬಾಗಿಲು, ಪಕ್ಕದ ಮನೆ

ಬಿಳಿ ಅಂಗಿ, ಟೈ, ಎದೆಯ ಮೇಲೊಂದು ಹೆಸರಿನ ಬಿಲ್ಲೆ. ಅಮೆರಿಕದ ಮಾರ್ಮನ್ ಚರ್ಚಿನ ಹುಡುಗರು 18 ತುಂಬಿದ ಮೇಲೆ ಎರಡು ವರ್ಷದ ಸೇವೆಗೆ ಹೊರಡಬಹುದು. ಯಾವ ದೇಶಕ್ಕೆ ಎಂಬುದನ್ನು ಚರ್ಚೇ ತೀರ್ಮಾನಿಸುತ್ತದೆ. ಸಂಬಳವಿಲ್ಲ, ಖರ್ಚು ಹೆಚ್ಚಾಗಿ ಸ್ವಂತದ್ದು, ಇಲ್ಲವೇ ಮನೆಯವರದು. ಕೆಲವೇ ವಾರಗಳಲ್ಲಿ ಹೊಸ ಭಾಷೆಯ ನಾಲ್ಕು ಮಾತು ಕಲಿತು, ಜೊತೆಗಾರನೊಂದಿಗೆ ಗೊತ್ತಿಲ್ಲದ ಊರಿನಲ್ಲಿ ಮನೆಮನೆಯ ಬಾಗಿಲು ತಟ್ಟಬೇಕು. 2019ರವರೆಗೆ ಮನೆಗೆ ಫೋನ್ ಮಾಡಲು ಅವಕಾಶವಿದ್ದದ್ದು ವರ್ಷಕ್ಕೆ ಎರಡೇ ಸಲ: ಕ್ರಿಸ್‌ಮಸ್ ಮತ್ತು ಅಮ್ಮಂದಿರ ದಿನ. ಈಗ ವಾರಕ್ಕೊಮ್ಮೆ ಮಾತಾಡಬಹುದು.

ಎಷ್ಟೋ ಬಾಗಿಲುಗಳು ತೆರೆಯುವುದೇ ಇಲ್ಲ. ಅವರು ಪಕ್ಕದ ಮನೆಗೆ ಹೋಗುತ್ತಾರೆ.

ಧರ್ಮಪ್ರಚಾರ ನನಗೆ ಒಪ್ಪಿಗೆಯಿಲ್ಲ, ಅದು ಬೇರೆ ಮಾತು. ಆದರೆ ಇಂಟರ್ನ್‌ಶಿಪ್ ಸಂದರ್ಶನದಲ್ಲಿ ಒಮ್ಮೆ ‘ಇಲ್ಲ’ ಅನ್ನಿಸಿಕೊಂಡು ಮೂರು ದಿನ ಹಾಸ್ಟೆಲ್ ಕೋಣೆಯ ಬಾಗಿಲು ಹಾಕಿಕೊಂಡವನು ನಾನು. ನನಗಿಂತ ಎರಡು ವರ್ಷ ಚಿಕ್ಕ ಹುಡುಗರ ಈ ಹಟದ ಬಗ್ಗೆ ಓದಿದ ರಾತ್ರಿಯೇ ಮುಂದಿನ ಅರ್ಜಿ ತುಂಬಿದೆ.