ಹನ್ನೆರಡೇ ಕಂತು, ಸಾಕು!

ಎಲ್ಲಿಗೆ ಹೋದರೂ ವೀಕ್ಷಕರು ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಸಾರ್, ದಿನಾ ನ್ಯೂಸ್ ಓದ್ತೀರಲ್ಲ, ಮನೆಗೆ ಹೋಗಿ ನೀವು ಟೀವೀಲಿ ಏನು ನೋಡ್ತೀರಿ?"

ನ್ಯೂಸ್ ಅಂತೂ ನೋಡಲ್ಲ ಸ್ವಾಮಿ. ಸ್ಟುಡಿಯೋದಲ್ಲಿ ಆರು ಜನ ಒಟ್ಟಿಗೆ ಕಿರುಚಿದ್ದನ್ನು ಕೇಳಿಸಿಕೊಂಡು ಬಂದಿರ್ತೀನಿ. ನಾನು ನೋಡೋದು ಬ್ರಿಟನ್ನಿನ ಹಳೇ ಹಾಸ್ಯ ಧಾರಾವಾಹಿಗಳನ್ನ, ಮತ್ತೆ ಅಬ್ಬರವಿಲ್ಲದ ಅವರ ಪತ್ತೇದಾರಿ ಕಥೆಗಳನ್ನ. ಕೆಲವಕ್ಕೆ ನಲವತ್ತು, ಐವತ್ತು ವರ್ಷ ಆಯ್ತು. ಇನ್ನೂ ಹಳಸಿಲ್ಲ. ಯಾಕೆ ಹಳಸಿಲ್ಲ ಅನ್ನೋದೇ ಇವತ್ತಿನ ವಿಷಯ.

ಮೊದಲು ಒಂದು ಲೆಕ್ಕ ಕೊಡ್ತೀನಿ. 'ಫಾಲ್ಟಿ ಟವರ್ಸ್' ಅಂತ ಒಂದು ಧಾರಾವಾಹಿ. ಸಮುದ್ರದಂಡೆಯ ಟಾರ್ಕೀ ಪಟ್ಟಣದಲ್ಲಿ ಹೋಟೆಲ್ ಇಟ್ಟುಕೊಂಡ ಒಬ್ಬ ಮನುಷ್ಯ. ಅವನಿಗೆ ಹೋಟೆಲಿಗೆ ಬರುವ ಅತಿಥಿಗಳನ್ನು ಕಂಡರೇ ಆಗಲ್ಲ! ಊರಿಗೆ ತಪಾಸಣೆಯವರು ಬಂದಿದ್ದಾರೆ ಅಂತ ಸುದ್ದಿ ಕೇಳಿ, ಚಮಚ ಮಾರಲು ಬಂದವನನ್ನೇ ಇನ್‌ಸ್ಪೆಕ್ಟರ್ ಅಂದುಕೊಂಡು ಹಲ್ಲು ಗಿಂಜುತ್ತಾನೆ. ಇದನ್ನು ಬರೆದವರು ಜಾನ್ ಕ್ಲೀಸ್ ಮತ್ತು ಕಾನಿ ಬೂತ್. ಇಬ್ಬರೂ ಅದರಲ್ಲಿ ನಟಿಸಿದರು. ಸ್ಕ್ರಿಪ್ಟ್ ಓದಿದ ಬಿಬಿಸಿಯ ಒಬ್ಬ ಅಧಿಕಾರಿ, ಇದು ಸವಕಲು ಸರಕು, ಮುಳುಗೋದು ಖಂಡಿತ ಅನ್ನೋ ಅರ್ಥದಲ್ಲಿ ಷರಾ ಬರೆದಿದ್ದರು. 1975ರಲ್ಲಿ ಆರು ಕಂತು ಬಂತು. ಜನ ಮುಗಿಬಿದ್ದು ನೋಡಿದರು. ನಮ್ಮಲ್ಲಾಗಿದ್ದರೆ ಏನು ಮಾಡ್ತಿದ್ವಿ? ಆರು ನೂರು ಕಂತು ಎಳೀತಿದ್ವಿ. ಅವರು ನಾಲ್ಕು ವರ್ಷ ಬಿಟ್ಟು, 1979ರಲ್ಲಿ ಇನ್ನು ಆರು ಕಂತು ಮಾಡಿದರು. ಅಲ್ಲಿಗೆ ನಿಲ್ಲಿಸಿದರು. ಒಟ್ಟು ಹನ್ನೆರಡು. 2000ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಸಾರ್ವಕಾಲಿಕ ನೂರು ಬ್ರಿಟಿಷ್ ಟೀವಿ ಕಾರ್ಯಕ್ರಮಗಳ ಪಟ್ಟಿ ಮಾಡಿದಾಗ ಮೊದಲ ಸ್ಥಾನ ಈ ಹನ್ನೆರಡು ಕಂತಿಗೆ!

ಇದು ಹೇಗೆ ಸಾಧ್ಯವಾಯ್ತು? ಒಂದು ಕಾರಣ ದುಡ್ಡಿನದು. ಅಲ್ಲಿ ಮನೆಯಲ್ಲಿ ಟೀವಿ ನೋಡುವವರು ವರ್ಷಕ್ಕಿಷ್ಟು ಅಂತ ಲೈಸೆನ್ಸ್ ಫೀ ಕಟ್ಟುತ್ತಾರೆ. ಬಿಬಿಸಿ ನಡೆಯೋದು ಮುಖ್ಯವಾಗಿ ಅದರಿಂದ. ಅಲ್ಲಿ ಅದರ ಚಾನೆಲ್‌ಗಳಲ್ಲಿ ಜಾಹೀರಾತು ಇಲ್ಲ. ನಮ್ಮಲ್ಲೂ ಒಂದು ಕಾಲಕ್ಕೆ ರೇಡಿಯೋಗೆ ಲೈಸೆನ್ಸ್ ಇತ್ತು, ಪೋಸ್ಟ್ ಆಫೀಸಿಗೆ ಹೋಗಿ ಕಟ್ಟಿ ಬಂದಿದ್ದು ಹಿರಿಯರಿಗೆ ನೆನಪಿರಬಹುದು. ಎರಡನೇ ಕಾರಣ, ಈ ಹಾಸ್ಯಗಳನ್ನು ಸಾಮಾನ್ಯವಾಗಿ ಒಬ್ಬರೋ ಇಬ್ಬರೋ ಕೂತು ಬರೀತಿದ್ದರು. ಇಬ್ಬರು ವರ್ಷಕ್ಕೆ ಆರೇಳು ಕಂತು ಚೆನ್ನಾಗಿ ಬರೆಯಬಹುದು. ಅರವತ್ತು ಬರೆಯಕ್ಕಾಗಲ್ಲ. ಅಷ್ಟೇ ಗುಟ್ಟು.

ಈಗ ನನ್ನ ವೃತ್ತಿಗೆ ಹತ್ತಿರದ ಒಂದು ಕಾರ್ಯಕ್ರಮಕ್ಕೆ ಬರ್ತೀನಿ. 'ಯೆಸ್ ಮಿನಿಸ್ಟರ್'. ಬರೆದವರು ಆಂಟನಿ ಜೇ ಮತ್ತು ಜೊನಾಥನ್ ಲಿನ್. ಒಬ್ಬ ಹೊಸ ಮಂತ್ರಿ, ಜಿಮ್ ಹ್ಯಾಕರ್. ಅವನ ಇಲಾಖೆಯ ಹಿರಿಯ ಅಧಿಕಾರಿ, ಸರ್ ಹಂಫ್ರಿ. ಮಂತ್ರಿ ಏನೇ ಬದಲಾವಣೆ ತರ್ತೀನಿ ಅಂದರೂ ಅಧಿಕಾರಿ 'ಆಗಲ್ಲ' ಅನ್ನೋದೇ ಇಲ್ಲ. ಬಹಳ ಧೈರ್ಯದ ನಿರ್ಧಾರ ಸಾರ್ ಅಂತಾನೆ. ಧೈರ್ಯ ಅಂದರೆ ಚುನಾವಣೆ ಸೋಲ್ತೀರಿ ಅಂತ ಅರ್ಥ! ಮಂತ್ರಿ ತೆಪ್ಪಗೆ ಫೈಲು ಮುಚ್ಚುತ್ತಾನೆ.

ಒಂದು ಕಂತಿನಲ್ಲಿ ಹೊಸ ಆಸ್ಪತ್ರೆ ಇದೆ. ಐನೂರು ಆಡಳಿತ ಸಿಬ್ಬಂದಿ ಇದ್ದಾರೆ, ಎಲ್ಲರೂ ಬಿಡುವಿಲ್ಲದೆ ಕೆಲಸ ಮಾಡ್ತಾರೆ. ಒಬ್ಬ ರೋಗಿಯೂ ಇಲ್ಲ. ರೋಗಿಗಳೇ ಇಲ್ಲದ ಮೇಲೆ ಗಲೀಜು ಎಲ್ಲಿಂದ ಬರಬೇಕು? ಸ್ವಚ್ಛತೆಯ ಪ್ರಶಸ್ತಿಗೆ ಅದರ ಹೆಸರು ಓಡಾಡ್ತಿದೆ. ನಗು ಬರುತ್ತೆ. ಆಮೇಲೆ, ಕಟ್ಟಡ ಎದ್ದು ಡಾಕ್ಟರೇ ಬಾರದ ನಮ್ಮ ಹೋಬಳಿ ಆಸ್ಪತ್ರೆಗಳು ನೆನಪಾಗುತ್ತವೆ. ನಗು ನಿಲ್ಲುತ್ತೆ.

ಇದರಲ್ಲಿ ಒಂದು ಸೂಕ್ಷ್ಮ ಇದೆ, ಗಮನಿಸಿ. ಹ್ಯಾಕರ್ ಯಾವ ಪಕ್ಷದವನು ಅಂತ ಎಲ್ಲೂ ಹೇಳಲ್ಲ. 1979ರ ಚುನಾವಣೆ ಹತ್ತಿರವಿದೆ ಅಂತ ಪ್ರಸಾರವನ್ನೇ ತಡೆದು, 1980ರಲ್ಲಿ ಶುರು ಮಾಡಿದರು. ಪಕ್ಷದ ಹೆಸರಿಲ್ಲದ್ದರಿಂದ ಎಲ್ಲ ಪಕ್ಷದವರೂ ಅದರಲ್ಲಿ ತಮ್ಮ ವಿರೋಧಿಯನ್ನು ಕಂಡರು. ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅದರ ದೊಡ್ಡ ಅಭಿಮಾನಿ. 1984ರಲ್ಲಿ ಒಂದು ಸಮಾರಂಭದಲ್ಲಿ ಆ ನಟರ ಜೊತೆ ಸ್ವತಃ ಒಂದು ಪುಟ್ಟ ಪ್ರಹಸನ ಆಡಿದರು. ನಮ್ಮ ದೇಶದಲ್ಲೂ 2001ರಲ್ಲಿ ಇದನ್ನೇ ಹಿಂದಿಗೆ ತಂದರು, 'ಜೀ ಮಂತ್ರೀಜಿ'. ಫಾರೂಕ್ ಶೇಖ್ ಮಂತ್ರಿ. ಇಂಗ್ಲಿಷ್ ಕಥೆ ದಿಲ್ಲಿಯ ಕಚೇರಿಗೆ ಅಳತೆ ಕೊಟ್ಟು ಹೊಲಿಸಿದಂಗೆ ಕೂತಿತು. ಆ ಆಡಳಿತ ಯಂತ್ರವನ್ನು ನಮಗೆ ಬಿಟ್ಟು ಹೋದವರು ಅವರೇ ತಾನೆ!

ಇನ್ನು ಪತ್ತೇದಾರಿ ಕಥೆಗಳು. ಆಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ಹಳ್ಳಿಯ ಅಜ್ಜಿ, ಕೈಯಲ್ಲಿ ಉಲ್ಲನ್ ಹೆಣಿಗೆ. 1984ರಲ್ಲಿ ಬಿಬಿಸಿ ಈ ಪಾತ್ರ ಕೊಟ್ಟಿದ್ದು ಜೋನ್ ಹಿಕ್ಸನ್ ಅವರಿಗೆ. ಆಗ ಅವರಿಗೆ 78 ವರ್ಷ! 1992ರ ಹೊತ್ತಿಗೆ ಮಾರ್ಪಲ್‌ಳ ಹನ್ನೆರಡೂ ಕಾದಂಬರಿ ಮುಗಿಸಿದರು. ಆ ಅಜ್ಜಿ ಓಡಲ್ಲ, ಪಿಸ್ತೂಲು ಹಿಡಿಯಲ್ಲ. ಮೂಲೆಯಲ್ಲಿ ಕೂತ ಮುದುಕಿಯ ಮುಂದೆ ಯಾರು ಬಾಯಿ ಬಿಗಿಹಿಡಿಯುತ್ತಾರೆ? ಆಕೆ ಕೇಳಿಸಿಕೊಳ್ತಾಳೆ.

ನನ್ನನ್ನು ಬಹಳ ಕಾಡಿದ್ದು ಮಾತ್ರ 'ಇನ್‌ಸ್ಪೆಕ್ಟರ್ ಮೋರ್ಸ್'. ಇದು ಬಿಬಿಸಿಯದಲ್ಲ, ಜಾಹೀರಾತು ಇರುವ ಐಟಿವಿಯದು. ಆದರೂ ಒಂದೊಂದು ಕಂತಿಗೆ ಎರಡೆರಡು ಗಂಟೆ ಕೊಟ್ಟರು. 1987ರಿಂದ 2000ದವರೆಗೆ, ಹದಿಮೂರು ವರ್ಷಕ್ಕೆ ಒಟ್ಟು 33. ಕಥೆ ನಡೆಯೋದು ಆಕ್ಸ್‌ಫರ್ಡ್‌ನಲ್ಲಿ. ಮೂಲ ಕಾದಂಬರಿ ಬರೆದ ಕಾಲಿನ್ ಡೆಕ್ಸ್ಟರ್ ಪದಬಂಧ ಬಿಡಿಸೋದರಲ್ಲಿ ಚಾಂಪಿಯನ್. ಪೇಪರಿನ ಪದಬಂಧ ಬಿಡಿಸುವವರಿಗೆ ಗೊತ್ತು, ಅಡ್ಡಸಾಲಿನ ಒಂದು ಪದ ತಪ್ಪಾದರೆ ಉದ್ದಸಾಲಿಗೆ ಬಂದಾಗ ಸಿಕ್ಕಿಹಾಕಿಕೊಳ್ತೀರಿ. ಅಳಿಸಲೇಬೇಕು. ಮೋರ್ಸ್ ಕೂಡ ಹಾಗೇ. ಜಾಣ, ಜಂಬದವನು, ರಕ್ತ ಕಂಡರೆ ಮುಖ ತಿರುಗಿಸುವವನು. ಎಷ್ಟೋ ಸಲ ತಪ್ಪು ಮನುಷ್ಯನ ಮೇಲೇ ಅನುಮಾನ ಇಟ್ಟುಕೊಂಡು ಹೊರಡ್ತಾನೆ. ಆಮೇಲೆ ಸಾರ್ಜೆಂಟ್ ಲೂಯಿಸ್ ಸಾಧಾರಣವಾಗಿ ಆಡಿದ ಒಂದು ಮಾತಿನಿಂದ ತನ್ನ ತಪ್ಪು ಹೊಳೆಯುತ್ತೆ. ಅಳಿಸಿ, ಮತ್ತೆ ಮೊದಲಿಂದ ಶುರು. ಆ ಎರಡು ಗಂಟೆ ಬೇಕಾಗೋದು ಕೊಲೆಗಾರನನ್ನು ಹಿಡಿಯಕ್ಕಷ್ಟೇ ಅಲ್ಲ. ತಪ್ಪು ತಿದ್ದಿಕೊಳ್ಳಕ್ಕೆ.

ಇಲ್ಲಿ ನಾನೊಂದು ಒಪ್ಪಿಕೊಳ್ಳಬೇಕು. ಕೆಲ ವರ್ಷಗಳ ಹಿಂದೆ ಒಂದು ಬಡಾವಣೆಯಲ್ಲಿ ಕೊಲೆ ಆಯ್ತು. ಪೊಲೀಸರು ಪಕ್ಕದ ಮನೆಯವನನ್ನು ವಿಚಾರಣೆಗೆ ಕರೆದುಕೊಂಡು ಹೋದರು. ವಿಚಾರಣೆಗೆ ಅಷ್ಟೇ. ರಾತ್ರಿ ಒಂಬತ್ತರ ಬುಲೆಟಿನ್‌ಗೆ ನಾನು ತೀರ್ಪು ಕೊಟ್ಟಾಗಿತ್ತು. ಅವನ ಮನೆಯ ಗೇಟು, ಹೊರಗೆ ಒಣಗಿಸಿದ ಬಟ್ಟೆ, ಎಲ್ಲ ತೋರಿಸಿದೆವು. ಹತ್ತು ದಿನಕ್ಕೆ ನಿಜವಾದ ಆರೋಪಿ ಸಿಕ್ಕ, ಇವನನ್ನು ಕೈಬಿಟ್ಟರು. ಅವತ್ತು ನಾವೇನು ಮಾಡಿದೆವು? ಕೆಳಗಿನ ಪಟ್ಟಿಯಲ್ಲಿ ಒಂದು ಸಾಲು ಓಡಿಸಿದೆವು. ಆ ಕುಟುಂಬ ಮನೆ ಖಾಲಿ ಮಾಡಿಕೊಂಡು ಹೋಯ್ತು ಅಂತ ಆಮೇಲೆ ನಮ್ಮ ಕ್ಯಾಮೆರಾದ ಹುಡುಗ ಹೇಳಿದ. ನಾನು ಏನೂ ಮಾತಾಡಲಿಲ್ಲ.

ಕಥೆಯ ಮೋರ್ಸ್‌ಗೆ ಎರಡು ಗಂಟೆ ಸಿಗುತ್ತೆ, ನನಗೆ ಎರಡು ನಿಮಿಷ ಅಂತ ನಾನು ವಾದ ಮಾಡಬಹುದು. ಆದರೆ ಆ ಎರಡು ನಿಮಿಷದಲ್ಲಿ "ವಿಚಾರಣೆ ನಡೀತಿದೆ, ಇನ್ನೂ ಗೊತ್ತಿಲ್ಲ" ಅನ್ನಕ್ಕೆ ಐದು ಸೆಕೆಂಡು ಸಾಕಿತ್ತಲ್ಲ?

ಬಿಡುವಿದ್ದರೆ ಇವುಗಳಲ್ಲಿ ಒಂದನ್ನು ಹುಡುಕಿ ನೋಡಿ. ಮನೆಯವರೆಲ್ಲ ಕೂತು ನೋಡಬಹುದು, ಮುಜುಗರ ಇಲ್ಲ. ಆಮೇಲೆ ಯಾವತ್ತಾದರೂ ಒಂದು ಕೊಲೆ ಸುದ್ದಿಯಲ್ಲಿ, ಮೊದಲ ದಿನವೇ ಇವನೇ ಕೊಲೆಗಾರ ಅಂತ ನಾನು ಬೆರಳು ತೋರಿಸಿದರೆ, ಮುಲಾಜು ನೋಡಬೇಡಿ. ರಿಮೋಟ್ ನಿಮ್ಮ ಕೈಯಲ್ಲೇ ಇದೆ. ಚಾನೆಲ್ ಬದಲಾಯಿಸಿ.